ತೇಕ್‌ಸುವಿನ ಬಟ್ಟಲು ಕಪ್ಪಾದ ದಿನ

ಒಕ್‌ಬುನ್ ಹಟಮಾರಿ ಹೆಂಗಸು. ಯುದ್ಧದ ಕಾಲದಲ್ಲಿ ಅವಳ ಗಂಡ ತೇಕ್‌ಸುವನ್ನು ಸೈನಿಕರು ಹೊರೆ ಹೊರಲು ಹಿಡಿದುಕೊಂಡು ಹೋದರು, ತಿರುಗಿ ಕಳಿಸಲಿಲ್ಲ. ಸತ್ತ ಎಂದವರಿಲ್ಲ, ಕಂಡೆ ಎಂದವರೂ ಇಲ್ಲ. ಮಕ್ಕಳುಮರಿ ಏನೂ ಇಲ್ಲ. ತೇಗು ಪಟ್ಟಣದ ಗುಡ್ಡದ ಓಣಿಯಲ್ಲಿ ಒಂದು ಕೋಣೆ, ಎರಡು ಕಂಚಿನ ಬಟ್ಟಲು, ಅಷ್ಟೇ ಅವಳ ಸಂಸಾರ. ಸಂಜೆ ಮೊದಲ ಅನ್ನ ಅವನ ಬಟ್ಟಲಿಗೆ. ಮುಚ್ಚಳ ಮುಚ್ಚಿ, ನೆಲದಡಿಯ ಒಲೆಯ ಕಾವಿಗೆ ನೆಲ ಬಿಸಿಯಿರುವ ಮೂಲೆಯಲ್ಲಿ ಹಾಸಿಗೆಯಡಿ ಇಡುವಳು. ಕಂಚು ಬೇಗ ಕಾವು ಬಿಡುವುದಿಲ್ಲ. ಯಾವ ಹೊತ್ತಿಗೆ ಬಂದರೂ ಅನ್ನ ಬೆಚ್ಚಗಿರಬೇಕಲ್ಲ. ಬೆಳಿಗ್ಗೆ ಅದಕ್ಕೆ ಬಿಸಿನೀರು ಹಾಕಿಕೊಂಡು ತಾನೇ ಉಣ್ಣುವಳು. ಮಾತಾಡಿಸುವವರು ಯಾರೂ ಇಲ್ಲದೆ ಆ ಬಟ್ಟಲ ಜೊತೆಗೇ ಮಾತಾಡುವಳು.

ಆ ಚಳಿಗಾಲ ಸೌದೆ ಸಿಗಲಿಲ್ಲ. ನೆಲದಡಿಯ ಒಲೆಗೆ ಮೊದಲ ಸಲ ಕಲ್ಲಿದ್ದಲಿನ ಬಿಲ್ಲೆ ಹಾಕಿದಳು. ಬೆಳಿಗ್ಗೆ ಹಾಸಿಗೆ ಎತ್ತಿದರೆ ತೇಕ್‌ಸುವಿನ ಬಟ್ಟಲು ಕಪ್ಪಿಟ್ಟಿತ್ತು. ಪೆಟ್ಟಿಗೆಯಲ್ಲಿದ್ದ ಅವಳದು ಮಾತ್ರ ಎಂದಿನಂತೆ ಹೊಳೆಯುತ್ತಿತ್ತು. ಕೇಡು ಬಂದರೆ ಕಂಚಿಗೆ ಮೊದಲು ಗೊತ್ತಾಗುತ್ತದೆ ಎಂದು ಅತ್ತೆ ಹೇಳಿದ್ದು ನೆನಪಾಯಿತು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಳು.

ಅಳಲಿಲ್ಲ. ಸಂಜೆ ಅದೇ ಬಟ್ಟಲಿಗೆ ಅನ್ನ ತುಂಬಿ ಚಮಚ ಕೈಗೆತ್ತಿಕೊಂಡಳು. ಬದುಕಿರುವವರ ಚಮಚ ಬಟ್ಟಲ ಪಕ್ಕದಲ್ಲಿರುತ್ತದೆ. ಸತ್ತವರಿಗಾದರೆ ಅನ್ನದಲ್ಲಿ ನೆಟ್ಟಗೆ ನೆಡಬೇಕು. ಇನ್ನೇನು ನೆಡಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಮಾಲ್‌ಸುನ್ ಬಂದಳು.

"ಯಾಕಕ್ಕಾ, ಮುಖ ಸಪ್ಪಗೆ ಮಾಡ್ಕೊಂಡಿದೀಯ?"

"ಬಟ್ಟಲು ನೋಡೆ. ಅವರು ಹೋಗ್ಬಿಟ್ರು ಕಣೆ."

ಮಾಲ್‌ಸುನ್ ಬಟ್ಟಲು ನೋಡಿ ನಕ್ಕೇಬಿಟ್ಟಳು. "ನಿಂಗೇನು ಮಂಕು ಬಡೀತಾ? ಹಂಗಾದ್ರೆ ನಮ್ಮನೇಲಿ ಗಂಡಸರೆಲ್ಲ ಸತ್ತಿರಬೇಕಿತ್ತು. ಇದ್ದಲಲ್ಲಿ ಗಂಧಕ ಇರುತ್ತಂತೆ, ಅದರ ಹೊಗೆ ಇದು. ಓಣೀಲಿ ಯಾರ ಮನೆ ಕಂಚು ನೆಟ್ಟಗಿದೆ ಹೇಳು. ಎಲ್ಲಾರೂ ಕೊಟ್ಟು ಸ್ಟೀಲು ತಗೋತಿದಾರೆ. ಅದು ಕಪ್ಪೂ ಆಗಲ್ಲ, ಉಜ್ಜೋ ಗೋಳೂ ಇಲ್ಲ."

ಸತ್ತಿಲ್ಲ ಎಂದರೆ ಸಂತೋಷಪಡಬೇಕು ತಾನೆ? ಒಕ್‌ಬುನ್‌ಗೆ ಅಳು ಬಂದದ್ದೇ ಆಗ. ಸತ್ತ ಎಂದು ನಂಬಿದ್ದ ಆ ಒಂದು ಹಗಲು ಅವಳ ಕಿವಿ ಬಾಗಿಲ ಕಡೆ ಇರಲಿಲ್ಲ. ದುಃಖವೇನೋ ಇತ್ತು, ಆದರೆ ಕಾಯುವ ಕೆಲಸ ಇರಲಿಲ್ಲ. ಈಗ ಮತ್ತೆ ಕಾಯಬೇಕು. ಮಾಲ್‌ಸುನ್‌ಗೆ ಇದನ್ನು ಹೇಳಿದರೆ ಅರ್ಥವಾದೀತೇ? ಏಳು ಜನ ಉಣ್ಣುವ ಮನೆಯವಳು ಅವಳು.

ಸ್ಟೀಲ್ ಪಾತ್ರೆಯವನು ಬಂದಾಗ ಒಕ್‌ಬುನ್ ತನ್ನ ಬಟ್ಟಲನ್ನು ಕೊಟ್ಟಳು, ತೇಕ್‌ಸುವಿನದನ್ನು ಕೊಡಲಿಲ್ಲ. ಅದು ದಿನಾ ಕಪ್ಪಾಗುತ್ತದೆ. ದಿನಾ ಹುಲ್ಲಿನ ಬೂದಿ ಹಾಕಿ, ಬೆರಳು ಮರಗಟ್ಟಿದರೂ ಬಿಡದೆ ಉಜ್ಜುತ್ತಾಳೆ. ಉಜ್ಜುತ್ತಾ ಬೈಯುತ್ತಾಳೆ: "ಬರೋದಾದ್ರೆ ಬನ್ನಿ. ಇಲ್ಲಾ, ಸತ್ತೆ ಅಂತನಾದ್ರೂ ಹೇಳಿ ಕಳಿಸಿ."

ಆಮೇಲೆ ಅನ್ನ ತುಂಬಿ, ಮುಚ್ಚಳ ಮುಚ್ಚಿ, ಚಮಚವನ್ನು ಪಕ್ಕದಲ್ಲಿ ಇಡುತ್ತಾಳೆ.