ನ್ಯಾಯಮಂತ್ರಿ ಮತ್ತು ಎದುರುಮನೆ

ಆಫ್ರಿಕಾದ ಒಂದು ದೇಶದಲ್ಲಿ ಬಿಳಿಯರು ಕಡಿಮೆ ಜನರಿದ್ದೂ ಉಳಿದವರನ್ನೆಲ್ಲ ಆಳುತ್ತಿದ್ದ ಕಾಲದಲ್ಲಿ ಒಬ್ಬ ನ್ಯಾಯಮಂತ್ರಿಯಿದ್ದ. ಅವನ ಬಗ್ಗೆ ಮಕ್ಕಳಿಗೊಂದು ಪುಟ್ಟ ಪುಸ್ತಕ ಬರೆದುಕೊಡಿ ಎಂದು ಮೈಸೂರಿನ ಪ್ರಕಾಶಕರೊಬ್ಬರು ಕೇಳಿದಾಗ ಹಿಗ್ಗಿಹೋದೆ. ಹುಣಸೂರಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾಗಿ, ಹಳ್ಳಿಯಲ್ಲಿ ಅಣ್ಣನ ಮನೆ ಸೇರಿ ಸುಮ್ಮನೆ ಕೂತಿದ್ದ ನನಗೆ, ಕೇಡಿಗನೊಬ್ಬನನ್ನು ಚೆನ್ನಾಗಿ ಬೈಯುವ ಅವಕಾಶ ಸಿಕ್ಕಿತಲ್ಲ ಎಂಬ ಖುಷಿ.

ಆತ ಮೊದಲು ವಕೀಲ. ಪಾರ್ಟಿ ಸೇರಿದ, ಬಿಗಿ ಮನುಷ್ಯ ಅನ್ನಿಸಿಕೊಂಡ, ನ್ಯಾಯಖಾತೆ ಹಿಡಿದ. ಯಾರ ಮೇಲೂ ಕೈ ಎತ್ತಿದವನಲ್ಲ. ರುಜು ಹಾಕುತ್ತಿದ್ದ, ಅಷ್ಟೆ. ರುಜು ಬಿದ್ದರೆ ಮನುಷ್ಯನನ್ನು ಕೋರ್ಟಿಗೂ ತೋರಿಸದೆ ಒಳಗೆ ಹಾಕಬಹುದಿತ್ತು. ಇನ್ನೊಂದು ಬಗೆಯ ರುಜುವಿತ್ತು. ಅದು ಬಿದ್ದವನು ಮನೆಯಲ್ಲೇ ಇರಬಹುದು, ಆದರೆ ಸಭೆಗೆ ಹೋಗುವಂತಿಲ್ಲ, ನಾಲ್ಕು ಜನರ ಜೊತೆ ಕೂರುವಂತಿಲ್ಲ, ಅವನಾಡಿದ ಮಾತನ್ನು ಯಾರೂ ಅಚ್ಚು ಹಾಕುವಂತಿಲ್ಲ. ಇಂಥ ರುಜುಗಳ ಬಲದಿಂದಲೇ ಆತ ಇನ್ನೂ ದೊಡ್ಡ ಕುರ್ಚಿ ಹತ್ತಿದ. ಆ ಶಿಕ್ಷೆಗೆ ಕನ್ನಡದಲ್ಲಿ ಏನನ್ನಬೇಕೋ ತಿಳಿಯದೆ ನಿಷೇಧ, ನಿರ್ಬಂಧ ಎಂದೆಲ್ಲ ಬರೆದು ಹೊಡೆದುಹಾಕಿದೆ. ಯಾವುದೂ ಮಕ್ಕಳಿಗೆ ನಾಟುವಂತಿರಲಿಲ್ಲ.

ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಅಣ್ಣನಿಗೆ ಓದಿ ಹೇಳಿದೆ. ಅಣ್ಣ ನಮ್ಮ ಕೇರಿಯ ಯಜಮಾನ. ಊರಿನಲ್ಲಿ ನ್ಯಾಯ ಸೇರಿದರೆ ಕೊನೆಯ ಮಾತು ಅವನದು.

"ಇದ್ಕೆ ಯಾಕವ್ವ ಇಷ್ಟ್ ತಲೆ ಕೆಡಿಸ್ಕತೀಯ? ಮಾತು ಬುಡ್ಸೋದು ಕಣವ್ವ. ಎದುರ್ಮನೆಯೋರ್ಗೆ ನಾವು ಮಾಡಿಲ್ವ, ಅದೇಯ," ಎಂದ. ಅಡಿಕೆ ಬಾಯಿಗೆ ಹಾಕಿಕೊಂಡು, "ನಿನ್ ಮಂತ್ರಿ ಬುದ್ಧಿವಂತ ಬುಡು," ಎಂದೂ ಸೇರಿಸಿದ.

ಎದುರುಮನೆಯ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾದಳೆಂದು ಆ ಮನೆಯನ್ನು ಹೊರಗಿಟ್ಟಿದ್ದರು. ಅವರನ್ನು ಮಾತಾಡಿಸಿದವರಿಗೆ ದಂಡ. ಅವರ ಹೊಗೆಸೊಪ್ಪನ್ನು ಒಣಗಿಸಲೆಂದು ಕಡ್ಡಿಗೆ ಕಟ್ಟಲು ಒಬ್ಬರೂ ಹೋಗದೆ, ಕೊಯ್ದ ಸೊಪ್ಪು ರಾಶಿಯಲ್ಲೇ ಬೆಂದು ಹಾಳಾಯಿತು. ಹುಡುಗಿಯ ತಾಯಿ, ಈ ಊರಿಗೆ ಸೊಸೆಯಾಗಿ ಬಂದಂದಿನಿಂದ ನನ್ನನ್ನು ಅಕ್ಕ ಎನ್ನುತ್ತಿದ್ದವಳು.

ಅವಳೊಂದು ಉಪಾಯ ಕಂಡುಕೊಂಡಿದ್ದಳು. ಬೆಳಿಗ್ಗೆ ಹಾಲು ಕರೆಯುವಾಗ ನನಗೆ ಹೇಳಬೇಕಾದ್ದನ್ನೆಲ್ಲ ತನ್ನ ಹಸುವಿಗೆ ಗಟ್ಟಿಯಾಗಿ ಹೇಳುತ್ತಿದ್ದಳು. "ನೋಡವ್ವ, ಮಗ್ಳು ಬಸ್ರಿಯಂತೆ, ಫೋನ್ ಮಾಡಿದ್ಲು." ನಾನು ಈಚೆ ನಮ್ಮ ಹಸುವಿನ ಮೈ ತಿಕ್ಕುತ್ತಾ, "ಬಾರ ಎತ್ಬ್ಯಾಡ ಅಂತ ಯೋಳವ್ವ," ಎನ್ನುತ್ತಿದ್ದೆ. ಇಬ್ಬರಿಗೂ ನಗು. ಅಣ್ಣನ ಕಣ್ಣಿಗೆ ಮಣ್ಣೆರಚಿದೆನೆಂದು ನನಗೆ ಒಳಗೊಳಗೇ ಹೆಮ್ಮೆ. ಆಮೇಲೆ ಬಂದು ಮಂತ್ರಿಯನ್ನು ಬೈಯುತ್ತಾ ಬರೆಯುತ್ತಿದ್ದೆ. ಆ ಬಿಳಿಯರಲ್ಲಿ ಒಳ್ಳೆಯವರೂ ಇದ್ದರಲ್ಲ, ಅವರಿಗೇನು ಬಾಯಿ ಬಿದ್ದುಹೋಗಿತ್ತೇ ಎಂದು ಇಡೀ ಒಂದು ಪುಟ ಸಿಟ್ಟಿನಲ್ಲಿ ಬರೆದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅವಳು ಬೀದಿ ದಾಟಿ ನಮ್ಮ ಜಗಲಿಯ ಮುಂದೆ ಬಂದು ನಿಂತಳು.

"ಅಕ್ಕ, ಮಗ್ಳಿಗೆ ನೋವು ಸುರುವಾಗೈತೆ, ಆಸ್ಪತ್ರೆಗೆ ಕರ್ಕೊಂಡೋಗವ್ರೆ. ನಂಗೆ ಕೈಕಾಲೇ ಆಡ್ತಿಲ್ಲ. ಜೊತೇಲಿ ಬಾ ಅಕ್ಕ."

ಹಸುವಿಗಲ್ಲ, ನನಗೇ ಹೇಳಿದಳು. ಜಗಲಿಯಲ್ಲಿ ಅಣ್ಣನ ಜೊತೆ ಇನ್ನಿಬ್ಬರು ಯಜಮಾನರು ಕೂತಿದ್ದರು. ಯಾರೂ ಹೋಗಬೇಡ ಅನ್ನಲಿಲ್ಲ, ಸುಮ್ಮನೆ ನನ್ನನ್ನು ನೋಡಿದರು. ಪಿಂಚಣಿ ಬರುವ ಹೆಂಗಸು ನಾನು, ಯಾರ ಹಂಗೂ ಇಲ್ಲ. ಆದರೂ ಕೊಟ್ಟಿಗೆಯ ಕಡೆ ತಿರುಗಿ ನಮ್ಮ ಹಸುವಿಗೆ, "ಎದರ್ಕೋಬ್ಯಾಡ ಕಣವ್ವ, ಎಲ್ಲಾ ಒಳ್ಳೇದಾಯ್ತದೆ," ಎಂದೆ.

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಬಸ್ ಸ್ಟಾಪಿನ ಕಡೆ ಒಬ್ಬಳೇ ಹೋದಳು. ಅಣ್ಣ ಎಲೆಗೆ ಸುಣ್ಣ ಹಚ್ಚಿಕೊಂಡ.

ಹೆರಿಗೆ ಸುಸೂತ್ರವಾಯಿತಂತೆ, ಹೆಣ್ಣು ಮಗುವಂತೆ. ಹಾಲಿನ ಡೈರಿಯಲ್ಲಿ ಯಾರೋ ಆಡಿಕೊಳ್ಳುವಾಗ ಕೇಳಿಸಿಕೊಂಡೆ. ಪುಸ್ತಕ ಮುಂದೆ ಸಾಗಿಲ್ಲ. ಪ್ರಕಾಶಕರು ಫೋನ್ ಮಾಡಿದರೆ ಕಣ್ಣಿನ ತೊಂದರೆ ಎಂದು ಸುಳ್ಳು ಹೇಳುತ್ತೇನೆ. ಆ ಒಳ್ಳೆಯವರ ಪುಟವನ್ನು ಓದಿದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಮಂತ್ರಿಗಾದರೂ ರುಜು ಹಾಕುವ ಕೆಲಸವಿತ್ತು. ನನಗೆ ಹಸುವಿನ ಕಡೆ ತಿರುಗು ಎಂದು ಯಾರೂ ಹೇಳಿರಲಿಲ್ಲ.

ಮೊನ್ನೆ ಅಣ್ಣ ನೋಡುತ್ತಿರುವಂತೆಯೇ ಬೀದಿ ದಾಟಿದೆ. ಅವಳ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಮೊಮ್ಮಗಳು ಹೆಂಗವ್ಳವ್ವ?" ಎಂದು ಅವಳನ್ನೇ ಕೇಳಿದೆ. ಅವಳು ತಲೆ ಎತ್ತಲಿಲ್ಲ. ಹಾಲು ಕರೆದು ಮುಗಿಸಿದಳು, ಹಸುವಿಗೂ ಒಂದು ಮಾತು ಹೇಳದೆ ಚೊಂಬು ಎತ್ತಿಕೊಂಡು ಒಳಗೆ ಹೋದಳು.