ಹವಾಲ್ದಾರರ ಮಗ ಶಶಿಕಾಂತ್

ನಾನು ಹುಡುಗ ಅಂತ ನನಗೆ ಗೊತ್ತಾದದ್ದು ಬಿ.ಕಾಂ. ಎರಡನೇ ವರ್ಷದಲ್ಲಿ.

ಶಿವಮೊಗ್ಗದ ಒಂದು ಕಚೇರಿ. ಮಾಜಿ ಸೈನಿಕರ ಮಕ್ಕಳ ಸ್ಕಾಲರ್‌ಶಿಪ್‌ಗೆ ಅರ್ಜಿ ಕೊಡಲು ನಾನೂ ಅಪ್ಪನೂ ಹೋಗಿದ್ದೆವು. ಗುಮಾಸ್ತರು ಅಪ್ಪನ ಸೈನ್ಯದ ಡಿಸ್ಚಾರ್ಜ್ ಬುಕ್ ತಿರುವಿ ನನ್ನ ಮುಖ ನೋಡಿದರು, ಮತ್ತೆ ಬುಕ್ ನೋಡಿದರು.

"ಇದ್ರಲ್ಲಿ ಶಶಿಕಾಂತ್, ಮಗ ಅಂತಿದೆ. ಅವನನ್ನ ಕರ್ಕೊಂಡ್ ಬಾಮ್ಮ."

ಅಂಥವನು ನಮ್ಮ ಮನೆಯಲ್ಲಿ ಇರಲೇ ಇಲ್ಲ. ನಾನು ಶಶಿಕಲಾ, ಒಬ್ಬಳೇ ಮಗಳು.

ನಾನು ಹುಟ್ಟಿದಾಗ ಅಪ್ಪ ಉತ್ತರದ ಗಡಿಯಲ್ಲಿದ್ದರು. ಭದ್ರಾವತಿಯಿಂದ ಹೋದ ತಂತಿ ನೋಡಿ ಅಲ್ಲಿನ ಗುಮಾಸ್ತ ತನಗೆ ಗೊತ್ತಿದ್ದ ಹೆಸರು ಬರೆದುಕೊಂಡಿದ್ದ. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಯಾರೂ ಓದಿರಲಿಲ್ಲ, ಅಪ್ಪ ಕೂಡ.

ಹವಾಲ್ದಾರರಾಗಿ ನಿವೃತ್ತರಾದ ಅಪ್ಪ ಆಗ ಭದ್ರಾವತಿಯ ಒಂದು ಕಾರ್ಖಾನೆ ಗೇಟಿನಲ್ಲಿ ವಾಚ್‌ಮನ್. ಮೊದಲ ವರ್ಷದ ಫೀಸಿಗೆ ಅಮ್ಮನ ಬಳೆ ಹೋಗಿತ್ತು. ಎರಡನೇ ವರ್ಷಕ್ಕೆ ಸ್ಕಾಲರ್‌ಶಿಪ್ಪೇ ಗತಿ.

ಹೆಸರು ತಿದ್ದಿಸಲು ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬೇಕಂತೆ. ಜನನ ಪತ್ರ, ಟಿ.ಸಿ., ಅಫಿಡವಿಟ್... ಜೊತೆಗೆ ಅಪ್ಪನಿಗೆ ಗಂಡು ಮಕ್ಕಳಿಲ್ಲ ಅಂತ ತಾಲ್ಲೂಕು ಕಚೇರಿಯ ಸರ್ಟಿಫಿಕೇಟು.

ಇಲ್ಲದ ಅಣ್ಣನನ್ನು ಇಲ್ಲ ಅಂತ ಸಾಬೀತು ಮಾಡಲು ಮೂರು ತಿಂಗಳು ಹಿಡಿಯಿತು. ಇದ್ದು ಸತ್ತಿದ್ದರೆ ಒಂದೇ ಕಾಗದದಲ್ಲಿ ಮುಗಿಯುತ್ತಿತ್ತು.

ಅಪ್ಪ ಪ್ರತಿ ಮೇಜಿನ ಮುಂದೆಯೂ ನೆಟ್ಟಗೆ ನಿಂತು "ಸರಿ ಸಾರ್" ಅನ್ನುತ್ತಿದ್ದರು. ಗುಮಾಸ್ತರಿಗಿಂತ ಆ "ಸರಿ ಸಾರ್" ಮೇಲೇ ನನಗೆ ಹೆಚ್ಚು ಸಿಟ್ಟು.

ಕಾಗದಗಳನ್ನೆಲ್ಲ ಕಳಿಸಿದ್ದಾಯಿತು, ದಾಖಲೆ ಕಚೇರಿಯಿಂದ ಉತ್ತರವಿಲ್ಲ. ಇತ್ತ ಶಿವಮೊಗ್ಗದ ಕಾಲೇಜಿನಲ್ಲಿ, ಫೀಸು ಕಟ್ಟದೆ ಪರೀಕ್ಷೆ ಅರ್ಜಿಗೆ ಸಹಿ ಇಲ್ಲ ಎಂದರು. ಜನವರಿ ಮುಗಿದರೆ ಗಡುವೂ ಮುಗಿಯಿತು, ನನ್ನ ವರ್ಷವೂ ಹೋಯಿತು.

ಕಾರ್ಗಿಲ್ ಯುದ್ಧ ಮುಗಿದು ಆರು ತಿಂಗಳಾಗಿತ್ತು. ಊರಿಗೆಲ್ಲ ಸೈನಿಕರ ಮೇಲೆ ಪ್ರೀತಿ ಉಕ್ಕುತ್ತಿದ್ದ ಕಾಲ.

ನಮ್ಮ ಪ್ರಿನ್ಸಿಪಾಲರಿಗೂ ಗಣರಾಜ್ಯೋತ್ಸವಕ್ಕೆ ಒಬ್ಬ ಯೋಧ ಬೇಕಾಯಿತು. ಹುಡುಕಿದರು... ಫೀಸು ಬಾಕಿ ಇದ್ದವರ ಪಟ್ಟಿಯಲ್ಲೇ ಅಪ್ಪ ಸಿಕ್ಕಿದರು. ಆಹ್ವಾನ ಪತ್ರವನ್ನು ನನ್ನ ಕೈಯಲ್ಲೇ ಕಳಿಸಿದರು.

ಅಪ್ಪ ಟ್ರಂಕಿನಿಂದ ಮೆಡಲ್ ತೆಗೆದು ಉಜ್ಜಿ, ಬೆಳಗಿನ ಮೊದಲ ಬಸ್ಸಿಗೆ ನನ್ನ ಜೊತೆ ಹೊರಟರು.

ಪ್ರಿನ್ಸಿಪಾಲರು ವೀರ, ಧೀರ, ತ್ಯಾಗ ಅಂತ ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ. ನಾನು ಹುಡುಗಿಯರ ಸಾಲಿನಲ್ಲಿ ನೆಲ ನೋಡುತ್ತಾ ನಿಂತಿದ್ದೇನೆ.

ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅಪ್ಪ ಸಭೆಯಲ್ಲಿ ಮಾತಾಡಿದವರೇ ಅಲ್ಲ. ಮೈಕು ಹಿಡಿದು ಪ್ರಿನ್ಸಿಪಾಲರ ಕಡೆ ತಿರುಗಿದರು.

"ಶಾಲು ಚೆನ್ನಾಗಿದೆ ಸಾರ್. ನನ್ ಮಗಳ ಪರೀಕ್ಷೆ ಅರ್ಜಿ ನಿಮ್ ಟೇಬಲ್ ಮೇಲಿದೆ. ಅದಕ್ಕೊಂದು ಸಹಿ ಹಾಕ್ಬಿಟ್ರೆ ನಾನು ಊರಿಗೆ ಹೊರಡ್ತೀನಿ."

ಮೊದಲು ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ಯಾರು ಹೇಳಿದರೂ ನಿಲ್ಲಿಸಲಿಲ್ಲ.

ರಜಾ ದಿನ ಆಫೀಸಿನ ಬೀಗ ತೆಗೆಸಿ, ಹತ್ತು ನಿಮಿಷದಲ್ಲಿ ಸಹಿ ಆಯಿತು. ಫೀಸು ಸ್ಕಾಲರ್‌ಶಿಪ್ ಬಂದಾಗ ಕಟ್ಟಿದರೆ ಸಾಕಂತೆ. ಅಲ್ಲಿಯವರೆಗೆ ಇದ್ದ ನಿಯಮ ಯಾವ ಕಪಾಟಿನಲ್ಲಿ ಅಡಗಿತೋ ದೇವರೇ ಬಲ್ಲ.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅಪ್ಪ ಕೇಳಿದರು.

"ಹಂಗೆ ಕೇಳಿದ್ದು ತಪ್ಪಾಯ್ತೇನಮ್ಮ?"

ಇಲ್ಲ ಎಂದೆ, ಅಷ್ಟೇ. ಇನ್ನೂ ಏನಾದರೂ ಹೇಳಬೇಕಿತ್ತು ಅಂತ ಈಗ ಅನಿಸುತ್ತದೆ.

ಸ್ಕಾಲರ್‌ಶಿಪ್ ಬಂದದ್ದು ನನ್ನ ಡಿಗ್ರಿಯ ಕೊನೆಯ ಪರೀಕ್ಷೆ ಮುಗಿದ ಮೇಲೆ. ಅಷ್ಟರಲ್ಲಿ ನಾನು ಕೆಲಸಕ್ಕೆ ಸೇರಿ ಎರಡು ಸಂಬಳ ತೆಗೆದುಕೊಂಡಿದ್ದೆ.

ನಿಮ್ಮ ಕಡೆ ಹೇಗೆ... ಶಾಲು ಮೊದಲೋ, ಸಹಿ ಮೊದಲೋ?