ಸೂಜಿ ಗಾಯಕ್ಕೆ ಮಾತ್ರ ಮರಗಟ್ಟುವ ಮದ್ದು

ರಾಯದುರ್ಗದಲ್ಲಿ ಓಣಿ ಓಣಿಗೂ ಜೀನ್ಸ್ ಹೊಲಿಯುವ ಮಿಷಿನ್ ಬಂದ ವರ್ಷಗಳಲ್ಲಿ ನಾನು ಊರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಗಾಯ ಕಟ್ಟುವ ಕೋಣೆ ನನ್ನ ಮತ್ತು ಒಬ್ಬ ಹಿರಿಯ ಕಾಂಪೌಂಡರ ಪಾಲಿಗಿತ್ತು. ಬೆಳಗಾದರೆ ಸಾಕು, ಮಿಷಿನ್ ಸೂಜಿ ಬೆರಳಿಗೆ ಹೊಕ್ಕವರು ಬಂದು ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವರನ್ನು ನಾವು ಮನೆ ಮಕ್ಕಳ ಹಾಗೆ ನೋಡಿಕೊಳ್ಳುತ್ತಿದ್ದೆವು. ಮೊದಲು ಮರಗಟ್ಟುವ ಇಂಜೆಕ್ಷನ್, ಆಮೇಲೆ ಚಿಮಟ, ಕೊನೆಗೆ ಎದುರಿನ ಹೋಟೆಲಿನ ಚಾ. "ಪ್ಯಾಂಟ್ ಹೊಲಿ ಅಂದ್ರ ಬೆರಳು ಹೊಲ್ಕೊಂಡು ಬಂದೀಯಲ್ಲವ್ವ" ಎಂದು ಕಾಂಪೌಂಡರು ನಗಿಸುತ್ತಿದ್ದರು.

ಆ ಕೋಣೆಗೆ ಇನ್ನೊಂದು ಕಟ್ಟಳೆಯೂ ಇತ್ತು. ತಮ್ಮ ಕೈಯಾರೆ ಗಾಯ ಮಾಡಿಕೊಂಡು ಬಂದವರು ಸಾಲಿನ ಕೊನೆಗೆ. ಅವರಿಗೆ ಮರಗಟ್ಟುವ ಮದ್ದಿಲ್ಲ, ಹಾಗೇ ಹೊಲಿಗೆ. "ನೋವಾದ್ರ ಬುದ್ಧಿ ಬರ್ತೈತ್ರಿ" ಅನ್ನುವುದು ಕಾಂಪೌಂಡರ ಮಾತು. ಡಾಕ್ಟರಿಗೂ ಇದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು. ಥೂ, ಎಂಥ ಕಟ್ಟಳೆ! ಸುಳ್ಳು ಯಾಕೆ ಹೇಳಲಿ, ಆಗ ನಾನೂ ಹೂಂಗುಟ್ಟುತ್ತಿದ್ದೆ.

ಒಂದು ದಿನ ಮಡಕಶಿರಾ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ರಾಗಿ, ಕಡಲೆಕಾಯಿ ಬೆಳೆಯುವ ಮನೆಯವಳು, ಗಂಡನ ಜೊತೆ ಪ್ಯಾಂಟಿಗೆ ಝಿಪ್ ಕೂಡಿಸುವ ಕೆಲಸಕ್ಕೆ ನಮ್ಮೂರಿಗೆ ಬಂದಿದ್ದಳು. ಕೈಗೆ ಜೀನ್ಸ್ ತುಂಡು ಸುತ್ತಿತ್ತು. ಜೊತೆಗಿದ್ದ ನಾದಿನಿ "ಮಿಷಿನ್ ಸೂಜಿ ತಾಗೈತೆ ಅಕ್ಕಾ" ಅಂದಳು. ಕಾಂಪೌಂಡರು ಸಿರಿಂಜಿಗೆ ಮದ್ದು ಎಳೆದುಕೊಂಡರು. ನಾನು ಕೈಗೆ ಸುತ್ತಿದ್ದ ತುಂಡು ಬಿಚ್ಚಿದೆ.

ನೂರಾರು ಸೂಜಿ ಗಾಯ ಕಂಡವಳು ನಾನು. ಮಹಾ ಪಂಡಿತೆಯ ಹಾಗೆ, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಂತೆ, "ಇದು ಮಿಷಿನ್ದಲ್ಲ ಬಿಡ್ರಿ" ಅಂದುಬಿಟ್ಟೆ. ಎಂಥ ಬಾಯಿ ಚಪಲ! ಕಾಂಪೌಂಡರು ತುಂಬಿದ್ದ ಸಿರಿಂಜನ್ನು ಟ್ರೇನಲ್ಲಿ ಇಟ್ಟರು. ಹೊಲಿಗೆಯ ದಾರ ತೆಗೆದುಕೊಂಡರು.

ಅವಳ ಕೈ ಅಲುಗದ ಹಾಗೆ ಒತ್ತಿ ಹಿಡಿದವಳು ನಾನೇ. ಅವಳು ತುಟಿ ಎರಡು ಮಾಡಲಿಲ್ಲ. ಬೆಂಚಿನ ಮೇಲಿನ ಹೆಂಗಸರು ಲೊಚಗುಟ್ಟಿದರು, ಅಯ್ಯೋ ಅಂತಲ್ಲ, ನೋಡ್ರಿ ಇವಳ ಸೊಕ್ಕು ಅಂತ. ಯಾಕೆ ಹೀಗೆ ಮಾಡಿಕೊಂಡೆ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ಟ್ರೇ ಕಡೆ ನೋಡಿದಳು.

"ಅಕ್ಕಾ, ಮಿಷಿನ್ ಸೂಜಿನೇ ಆಗಿದ್ರೆ ಆ ಇಂಜೆಕ್ಷನ್ ಹಾಕ್ತಿದ್ರಾ?"

ನಾನು ನಲ್ಲಿಯ ಕಡೆ ತಿರುಗಿದೆ. ಕೈ ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ. ಮನೆಯಲ್ಲಿ ಅನ್ನ ಕಲೆಸಿದರೆ ಅದೇ ಕೈ ಬಾಯಿಗೆ ಬರಬೇಕಲ್ಲ, ತಿನ್ನಲಾಗಲಿಲ್ಲ.

ಕೆಲವು ತಿಂಗಳಾದ ಮೇಲೆ ಅವಳ ನಾದಿನಿ ನನ್ನ ಮನೆ ಬಾಗಿಲಿಗೆ ಬಂದಳು. "ಅತ್ತಿಗೆ ಮತ್ತೆ ಹಂಗೇ ಮಾಡ್ಕಂಡವ್ಳೆ. ಕೈ ಊದ್ಕಂಡು ಜ್ವರ ಬಂದೈತೆ. ಆಸ್ಪತ್ರೆಗೆ ಮಾತ್ರ ಬರಲ್ಲ ಅಂತಾಳೆ."

ಓಡಿದೆ. ಪ್ಯಾಂಟಿನ ರಾಶಿಗಳ ನಡುವೆ ಚಾಪೆಯ ಮೇಲೆ ಮಲಗಿದ್ದಳು. ಕೋಣೆಯಲ್ಲಿ ಕೀವಿನ ವಾಸನೆ. ಇನ್ನೆರಡು ದಿನ ಬಿಟ್ಟರೆ ಕೈ ಇರಲಿ, ಜೀವವೇ ಹೋಗುವ ಹಾಗಿತ್ತು. ಅವಳು ಆಸ್ಪತ್ರೆಗೆ ಬರದಿದ್ದಕ್ಕೆ ಕಾರಣ ಹುಡುಕಲು ನಾನು ದೂರ ಹೋಗಬೇಕಿರಲಿಲ್ಲ. ಪಕ್ಕದಲ್ಲಿ ಕೂತು, ಅಂದೇ ಕೇಳಬೇಕಾಗಿದ್ದನ್ನು ಕೇಳಿದೆ.

"ಏನು ಸಂಕಟ ಐತವ್ವ ನಿನಗ? ನನ್ನ ಹತ್ರ ಹೇಳು."

"ಹೇಳ್ತೀನಿ ಅಕ್ಕಾ. ಮೊದ್ಲು ಮಿಷಿನ್ ಸೂಜಿ ಅಂತ ಬರಕಳ್ಳಿ. ಆಗ ಬತ್ತೀನಿ."

ಬರೆದೆ. ಓಪಿ ಚೀಟಿಯಲ್ಲಿ ನನ್ನ ಕೈಯಿಂದಲೇ ಸುಳ್ಳು ಬರೆದೆ. ಅವಳನ್ನು ಆಸ್ಪತ್ರೆಗೆ ಕರೆತಂದು, ಡಾಕ್ಟರನ್ನು ಮಾತ್ರ ಒಳಗೆ ಕರೆದು ನಿಜ ಹೇಳಿ, ಬಳ್ಳಾರಿಯ ಮನಸ್ಸಿನ ಡಾಕ್ಟರಿಗೆ ಪತ್ರ ಬರೆಸಿಕೊಂಡೆ. ಜೊತೆಗೆ ನಾನೇ ಹೋಗುತ್ತೇನೆ ಅಂದೆ. ಅವರು ಕಣ್ಣೆತ್ತದೆ ಸಹಿ ಹಾಕಿದರು.

ಕಾಂಪೌಂಡರಿಗೆ ಅವಳ ಗುರುತು ಸಿಗಲಿಲ್ಲ. ಹಿಂದಿನ ಸಲ ಅವರು ಅವಳ ಮುಖವನ್ನೇ ನೋಡಿರಲಿಲ್ಲವಲ್ಲ. ಚೀಟಿ ಓದಿದರು, ಊದಿದ ಕೈಯನ್ನು ಹೂವಿನ ಹಾಗೆ ಎತ್ತಿ ತಮ್ಮ ತೊಡೆಗೆ ಹಾಸಿದ ಟವೆಲಿನ ಮೇಲೆ ಇಟ್ಟುಕೊಂಡರು. ಸುತ್ತಲೂ ಮರಗಟ್ಟುವ ಮದ್ದು ಕೊಟ್ಟು, ಹಿಡಿಯುವವರೆಗೆ ಕಾದರು. "ಹೆದರಬ್ಯಾಡವ್ವ, ನಿನಗ ಗೊತ್ತಾಗಂಗಿಲ್ಲ" ಎಂದು ತಲೆ ಸವರಿದರು. ನನಗೆ ಅಸಹ್ಯ ಉಕ್ಕಿ ಬಂತು. ಈ ಮನುಷ್ಯ ಕೆಟ್ಟವನಾಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಇಷ್ಟೂ ಕರುಣೆ ಅಂದೂ ಅವರ ಹತ್ತಿರ ಇತ್ತು, ನನ್ನ ಹತ್ತಿರವೂ ಇತ್ತು.

ಕೀವು ತೆಗೆಯುತ್ತಿದ್ದಂತೆ ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಕಾಂಪೌಂಡರು ಗಾಬರಿಯಾಗಿ ಕೈ ಹಿಂದೆ ತೆಗೆದರು.

"ನೋವಾತೇನವ್ವ?"

"ಇಲ್ಲ ಸಾಮಿ," ಅಂದಳು. "ಏನೂ ನೋವಾಗ್ಲಿಲ್ಲ."